ಬ್ಯಾಂಕ್ ಹಾಲಿಡೇ ದಿನದ ಶುಲ್ಕ: ಇಂಗ್ಲೆಂಡಿನ ಚೈಲ್ಡ್‌ಮೈಂಡರುಗಳು ತೀರ್ಮಾನಕ್ಕೆ ಬರುವುದು ಹೇಗೆ

ನಾನು ಇಂಗ್ಲೆಂಡಿನಲ್ಲಿ ಚೈಲ್ಡ್‌ಮೈಂಡರ್ (ತಮ್ಮ ಮನೆಯಲ್ಲೇ ಇತರರ ಮಕ್ಕಳನ್ನು ಹಣ ಪಡೆದು ನೋಡಿಕೊಳ್ಳುವವರು) ಆಗಿ ನೋಂದಾಯಿಸಿಕೊಂಡ ಮೊದಲ ವರ್ಷ, ಬ್ಯಾಂಕ್ ಹಾಲಿಡೇ (ಸರಕಾರ ಪ್ರಕಟಿಸುವ ಸಾರ್ವಜನಿಕ ರಜೆ) ಕಳೆದ ಮರುದಿನ, ಮೇ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ, ಮಗುವನ್ನು ಬಿಡಲು ಬಂದ ತಾಯಿ ಬಾಗಿಲಲ್ಲೇ ನಿಂತು ಮಗುವಿನ ಶೂ ಬಿಚ್ಚುತ್ತಾ ಕೇಳಿದಳು: "ಅಕ್ಕಾ, ನಿನ್ನೆ ಸೋಮವಾರ ನೀವು ರಜ ಮಾಡಿದ್ರಲ್ಲ, ಅದಕ್ಕೂ ದುಡ್ಡು ಕೊಡಬೇಕಾ?" ಆಕೆ ಕನ್ನಡದವಳು, ಪರಿಚಯದವರ ಮೂಲಕ ಬಂದವಳು, ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ತಪ್ಪಿದ್ದದ್ದು ನನ್ನ ಕರಾರು ಪತ್ರದಲ್ಲಿ. ಸಾರ್ವಜನಿಕ ರಜೆಗಳ ಶುಲ್ಕ ಎಂಬ ಸಾಲಿನ ಎದುರಿನ ಜಾಗವನ್ನು ನಾನು ಖಾಲಿ ಬಿಟ್ಟಿದ್ದೆ. ಆ ಕ್ಷಣಕ್ಕೆ "ಬೇಡ ಬಿಡಮ್ಮ" ಎಂದೆ. ಆದರೆ ವಾರಕ್ಕೆ ಐದು ದಿನ ಬರುತ್ತಿದ್ದ ಇನ್ನೊಂದು ಮಗುವಿನ ತಂದೆ ಅದೇ ಸೋಮವಾರದ ಹಣವನ್ನು ಕೇಳದೆಯೇ ಕಟ್ಟಿದ್ದರು. ಒಂದೇ ದಿನಕ್ಕೆ ಒಬ್ಬರಿಂದ ತೆಗೆದುಕೊಂಡು ಇನ್ನೊಬ್ಬರಿಂದ ಬಿಟ್ಟೆನೆಂಬುದು ನನ್ನನ್ನು ಬಹಳ ದಿನ ಕಾಡಿತು.

ಈ ಪ್ರಶ್ನೆಗೆ ಒಂದೇ ಸರಿಯುತ್ತರ ಇದೆಯೆಂದು ನಾನು ಹೇಳುವುದಿಲ್ಲ. ಆದರೆ ಅದನ್ನು ಬಿಡಿಸಲು ಸರಿಯಾದ ಒಂದು ಕ್ರಮವಿದೆ, ಆ ಕ್ರಮದಲ್ಲಿ ಹೋದರೆ ನಿಮಗೂ ಮಗುವಿನ ಮನೆಯವರಿಗೂ ನ್ಯಾಯವಾಗುವಂಥ ತೀರ್ಮಾನ ಸಿಗುತ್ತದೆ ಎಂಬುದು ನನ್ನ ಅನುಭವ. ರಜೆಯ ದಿನದ ಖರ್ಚು ಎಲ್ಲಿಗೂ ಮಾಯವಾಗುವುದಿಲ್ಲ; ನೀವು ಶುಲ್ಕ ತೆಗೆದುಕೊಂಡರೂ ಬಿಟ್ಟರೂ ಯಾರೋ ಒಬ್ಬರು ಅದನ್ನು ಹೊರುತ್ತಾರೆ. ಆದ್ದರಿಂದ ಆ ಹೊರೆ ಯಾರ ಮೇಲೆ ಎಷ್ಟು ಬೀಳುತ್ತದೆ ಎಂಬುದನ್ನೇ ಮೊದಲು ಕೇಳಿಕೊಳ್ಳಬೇಕು.

ಕಾನೂನು ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಮೊದಲು ಎರಡು ತಪ್ಪು ನಂಬಿಕೆಗಳನ್ನು ಬಿಡಬೇಕು. "ಬ್ಯಾಂಕ್ ಹಾಲಿಡೇ ಅಂದರೆ ಎಲ್ಲರಿಗೂ ಸಂಬಳ ಸಹಿತ ರಜೆ, ಹಾಗಾಗಿ ನನಗೂ ಶುಲ್ಕ ಬರಲೇಬೇಕು" ಎಂದು ಕೆಲವು ಚೈಲ್ಡ್‌ಮೈಂಡರುಗಳು ತಿಳಿದಿರುತ್ತಾರೆ. "ಸೇವೆ ಕೊಡದ ದಿನಕ್ಕೆ ಹಣ ಕೇಳುವುದೇ ಕಾನೂನಿಗೆ ವಿರುದ್ಧ" ಎಂದು ಕೆಲವು ತಂದೆ-ತಾಯಂದಿರು ತಿಳಿದಿರುತ್ತಾರೆ. ಎರಡೂ ಸರಿಯಲ್ಲ. ಈ ದೇಶದಲ್ಲಿ ಸಂಬಳಕ್ಕೆ ದುಡಿಯುವವರಿಗೆ ವರ್ಷಕ್ಕೆ 5.6 ವಾರಗಳ, ಅಂದರೆ ವಾರಕ್ಕೆ ಐದು ದಿನ ದುಡಿಯುವವರಿಗೆ 28 ದಿನಗಳ, ಸಂಬಳ ಸಹಿತ ರಜೆಯ ಹಕ್ಕಿದೆ. ಆದರೆ ಬ್ಯಾಂಕ್ ಹಾಲಿಡೇಗಳನ್ನು ಆ 28ರ ಒಳಗೇ ಸೇರಿಸಲು ಮಾಲೀಕರಿಗೆ ಅವಕಾಶವಿದೆ, ಆ ದಿನವೇ ರಜೆ ಕೊಡಬೇಕೆಂಬ ಕಡ್ಡಾಯವೂ ಇಲ್ಲ. ಸ್ವಂತ ಉದ್ಯೋಗಿಗಳಾದ ನಮಗೆ ಈ 5.6 ವಾರಗಳ ಹಕ್ಕು ಅನ್ವಯಿಸುವುದೇ ಇಲ್ಲ. ಮಗುವಿನ ಮನೆಗೇ ಹೋಗಿ ನೋಡಿಕೊಳ್ಳುವ ನ್ಯಾನಿಯ ಮಾತು ಬೇರೆ: ಆಕೆ ಸಾಮಾನ್ಯವಾಗಿ ಆ ಮನೆಯವರ ಉದ್ಯೋಗಿ, ಆಕೆಗೆ ರಜೆಯ ಸಂಬಳ ಕೊಡುವುದು ಅವರ ಕರ್ತವ್ಯ. ನಾವು ನಮ್ಮ ಮನೆಯಲ್ಲಿ, ನಮ್ಮ ಷರತ್ತಿನ ಮೇಲೆ ಕೆಲಸ ಮಾಡುವವರು. ನಮ್ಮ ರಜೆಯ ಹಣವನ್ನು ಯಾರೂ ತಾವಾಗಿ ಕೊಡುವುದಿಲ್ಲ, ನಾವೇ ನಮ್ಮ ಲೆಕ್ಕದಲ್ಲಿ ಹುಟ್ಟಿಸಿಕೊಳ್ಳಬೇಕು.

ಆಫ್‌ಸ್ಟೆಡ್ ಎಂಬ ಸರಕಾರಿ ಸಂಸ್ಥೆ ನಮ್ಮನ್ನು ನೋಂದಾಯಿಸುತ್ತದೆ, ತಪಾಸಣೆ ಮಾಡುತ್ತದೆ. ಶುಲ್ಕ ಎಷ್ಟಿರಬೇಕು, ಯಾವ ದಿನಕ್ಕೆ ಇರಬೇಕು ಎಂಬುದನ್ನು ಅದು ನಿಗದಿ ಮಾಡುವುದಿಲ್ಲ. ಹಾಗಾಗಿ ಕೊನೆಗೆ ನಿಲ್ಲುವುದು ನೀವು ಮತ್ತು ಪೋಷಕರು ಸಹಿ ಹಾಕಿದ ಕರಾರು ಪತ್ರವೇ. ಆ ಪತ್ರಕ್ಕೂ ಒಂದು ಮಿತಿಯಿದೆ. 2015ರ ಗ್ರಾಹಕ ಹಕ್ಕುಗಳ ಕಾಯ್ದೆಯ ಪ್ರಕಾರ ಗ್ರಾಹಕರೊಂದಿಗಿನ ಕರಾರಿನ ಷರತ್ತುಗಳು ನ್ಯಾಯಯುತವಾಗಿರಬೇಕು ಮತ್ತು ಓದಿದರೆ ಅರ್ಥವಾಗುವಷ್ಟು ಸ್ಪಷ್ಟವಾಗಿರಬೇಕು. ಮುಚ್ಚಿದ ದಿನಕ್ಕೂ ಶುಲ್ಕವಿದೆಯೆಂದು ನೀವು ಸಹಿಗೆ ಮೊದಲೇ ಬಾಯಿಬಿಟ್ಟು ಹೇಳಿ, ಎದ್ದು ಕಾಣುವಂತೆ ಬರೆದು, ಅವರು ಒಪ್ಪಿದ್ದರೆ ನಿಮ್ಮ ನಿಲುವು ಗಟ್ಟಿಯಾಗಿರುತ್ತದೆ. ಏಳನೆಯ ಪುಟದ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಅಡಗಿಸಿಟ್ಟು ಬಿಲ್ ಬಂದಾಗ ತೋರಿಸಿದರೆ, ಕಾನೂನಿನ ಮಾತು ಹಾಗಿರಲಿ, ಪ್ರತಿದಿನ ಮಗುವನ್ನು ನಿಮ್ಮ ಕೈಗೊಪ್ಪಿಸಿ ಹೋಗುವವರ ನಂಬಿಕೆ ಅಲ್ಲಿಗೆ ಕೆಡುತ್ತದೆ.

ಹಣಕ್ಕಿಂತ ಮೊದಲು ವಾರದ ದಿನಗಳನ್ನು ಎಣಿಸಿ

ಬಹಳ ಮಂದಿ ಚೈಲ್ಡ್‌ಮೈಂಡರುಗಳು ಬಿಟ್ಟುಬಿಡುವ ಹೆಜ್ಜೆ ಇದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ವರ್ಷಕ್ಕೆ ಎಂಟು ಬ್ಯಾಂಕ್ ಹಾಲಿಡೇಗಳಿವೆ. ಸ್ಕಾಟ್ಲೆಂಡಿನಲ್ಲಿ ಒಂಬತ್ತು, ಉತ್ತರ ಐರ್ಲೆಂಡಿನಲ್ಲಿ ಹತ್ತು, ಅವುಗಳ ದಿನಾಂಕಗಳೂ ಪೂರ್ತಿ ಒಂದೇ ಅಲ್ಲ. ಎಂಟು ಎಂಬ ಸಂಖ್ಯೆಯನ್ನು ನೋಡಿ ಎಲ್ಲ ಮಕ್ಕಳಿಗೂ ಅದು ಸಮನಾಗಿ ಹಂಚಿಹೋಗುತ್ತದೆಂದು ಭಾವಿಸುವುದು ಸಹಜ. ವಾಸ್ತವದಲ್ಲಿ ಈಸ್ಟರ್ ಸೋಮವಾರ, ಮೇ ತಿಂಗಳ ಮೊದಲ ಸೋಮವಾರ, ಮೇ ತಿಂಗಳ ಕೊನೆಯ ಸೋಮವಾರ, ಆಗಸ್ಟಿನ ಕೊನೆಯ ಸೋಮವಾರ, ಹೀಗೆ ನಾಲ್ಕು ರಜೆಗಳು ಸೋಮವಾರಕ್ಕೇ ಕಟ್ಟಿಹಾಕಲ್ಪಟ್ಟಿವೆ. ಗುಡ್ ಫ್ರೈಡೇ ಯಾವಾಗಲೂ ಶುಕ್ರವಾರವೇ. ಕ್ರಿಸ್ಮಸ್, ಬಾಕ್ಸಿಂಗ್ ಡೇ, ಹೊಸವರ್ಷದ ದಿನ ಮಾತ್ರ ವಾರದೊಳಗೆ ಓಡಾಡುತ್ತವೆ, ಅವು ಶನಿವಾರ ಅಥವಾ ಭಾನುವಾರ ಬಂದರೆ ಬದಲಿ ರಜೆ ಮುಂದಿನ ವಾರದ ದಿನಕ್ಕೆ ಹೋಗುತ್ತದೆ, ಅದು ಸಾಮಾನ್ಯವಾಗಿ ಮತ್ತೆ ಸೋಮವಾರವೇ. 1871ರಲ್ಲಿ ಮೊದಲ ಬ್ಯಾಂಕ್ ಹಾಲಿಡೇ ಕಾಯ್ದೆ ಬಂದ ಕಾಲದಿಂದಲೂ ಈ ರಜೆಗಳಿಗೆ ಸೋಮವಾರದ ಕಡೆಗೇ ಒಲವು.

2026ನೇ ವರ್ಷವನ್ನೇ ತೆಗೆದುಕೊಳ್ಳಿ. ಜನವರಿ 1 ಗುರುವಾರ. ಗುಡ್ ಫ್ರೈಡೇ ಏಪ್ರಿಲ್ 3, ಈಸ್ಟರ್ ಸೋಮವಾರ ಏಪ್ರಿಲ್ 6. ನಂತರ ಮೇ 4, ಮೇ 25, ಆಗಸ್ಟ್ 31, ಮೂರೂ ಸೋಮವಾರಗಳು. ಡಿಸೆಂಬರ್ 25 ಶುಕ್ರವಾರ. 26 ಶನಿವಾರವಾದ್ದರಿಂದ ಬಾಕ್ಸಿಂಗ್ ಡೇಯ ಬದಲಿ ರಜೆ ಡಿಸೆಂಬರ್ 28ರ ಸೋಮವಾರಕ್ಕೆ. ಒಟ್ಟು ಎಣಿಸಿದರೆ ಸೋಮವಾರ ಐದು, ಶುಕ್ರವಾರ ಎರಡು, ಗುರುವಾರ ಒಂದು, ಮಂಗಳವಾರ ಮತ್ತು ಬುಧವಾರ ಒಂದೂ ಇಲ್ಲ. ಅಂದರೆ ನಿಮ್ಮಲ್ಲಿಗೆ ಸೋಮವಾರ ಮಾತ್ರ ಬರುವ ಮಗುವೊಂದಿದ್ದರೆ ಆ ಮಗುವಿನ ಮನೆಯವರು ಐದು ರಜೆಗಳನ್ನು ಹೊರುತ್ತಾರೆ, ಮಂಗಳವಾರ ಬರುವ ಮಗುವಿನ ಮನೆಯವರು ಒಂದನ್ನೂ ಹೊರುವುದಿಲ್ಲ. ಮಗುವಿನ ದಿನವನ್ನು ಅವರು ಬೇಕೆಂದು ಆರಿಸಿಕೊಂಡಿರುವುದಿಲ್ಲ; ಕೆಲಸದ ಪಾಳಿ ಹೇಗೆ ಬಂದಿದೆಯೋ ಹಾಗೆ, ಅಥವಾ ನಿಮ್ಮಲ್ಲಿ ಖಾಲಿ ಇದ್ದ ದಿನ ಯಾವುದೋ ಅದು. ಬಾಗಿಲಲ್ಲಿ ನಿಂತು ನನ್ನನ್ನು ಕೇಳಿದ ಆ ತಾಯಿಯ ಮಗುವೂ ಸೋಮವಾರ, ಮಂಗಳವಾರ ಎರಡೇ ದಿನ ಬರುತ್ತಿತ್ತು. ಅವಳ ಪ್ರಶ್ನೆಯ ಹಿಂದೆ ಇಷ್ಟು ಲೆಕ್ಕ ಇತ್ತೆಂಬುದು ನನಗೆ ಆಗ ಹೊಳೆದಿರಲಿಲ್ಲ.

ಈಗ ನಿಮ್ಮ ಕ್ಯಾಲೆಂಡರ್ ತೆಗೆದು, ನಿಮ್ಮಲ್ಲಿರುವ ಪ್ರತಿ ಮಗುವಿನ ಹೆಸರಿನ ಎದುರು ಆ ಮಗು ಬರುವ ವಾರದ ದಿನಗಳನ್ನೂ, ಆ ದಿನಗಳ ಮೇಲೆ ಬೀಳುವ ಬ್ಯಾಂಕ್ ಹಾಲಿಡೇಗಳ ಸಂಖ್ಯೆಯನ್ನೂ ಬರೆಯಿರಿ. ಹತ್ತು ನಿಮಿಷದ ಕೆಲಸ. ಎಲ್ಲ ಮಕ್ಕಳೂ ಐದೂ ದಿನ ಬರುವವರಾದರೆ ಮುಂದಿನ ತೀರ್ಮಾನ ಸುಲಭ. ಬಿಡಿ ದಿನಗಳ ಮಕ್ಕಳು ಹೆಚ್ಚಿದ್ದರೆ ಎಚ್ಚರ ಬೇಕು.

ಹಣದ ಲೆಕ್ಕ

ಲೆಕ್ಕಕ್ಕೆ ಅನುಕೂಲವಾಗಲೆಂದು ಗಂಟೆಗೆ 6 ಪೌಂಡ್, ದಿನಕ್ಕೆ ಹತ್ತು ಗಂಟೆ, ಅಂದರೆ ದಿನಕ್ಕೆ 60 ಪೌಂಡ್ ಎಂದಿಟ್ಟುಕೊಳ್ಳೋಣ. ನೀವು ವರ್ಷದಲ್ಲಿ ತೆಗೆದುಕೊಳ್ಳುವ ಇತರ ರಜೆಗಳನ್ನು ಸದ್ಯಕ್ಕೆ ಪಕ್ಕಕ್ಕಿಡೋಣ. ಪೂರ್ಣಾವಧಿಗೆ ಬರುವ ಮೂರು ಮಕ್ಕಳಿದ್ದರೆ, ಎಂಟು ದಿನದ ಶುಲ್ಕ ಬಿಟ್ಟರೆ ನಿಮಗೆ ಆಗುವ ಕೊರತೆ ಮೂರು ಮಕ್ಕಳಿಂದ ಎಂಟು ದಿನಕ್ಕೆ 60ರಂತೆ 1,440 ಪೌಂಡ್. ಇದು ಸಣ್ಣ ಮೊತ್ತವಲ್ಲ. "ಪಾಪ, ಹೋಗಲಿ ಬಿಡು" ಎಂದು ಬಿಡುವ ಮೊದಲು ಈ ಮೊತ್ತವನ್ನು ಕಾಗದದ ಮೇಲೆ ಬರೆದು ನೋಡಿ, ಏಕೆಂದರೆ ಮನೆಯ ಕಂತು, ವಿಮೆ, ಆಟಿಕೆ, ಮಕ್ಕಳ ಊಟದ ಖರ್ಚು ಆ ಎಂಟು ದಿನಗಳಿಗಾಗಿ ಕಾಯುವುದಿಲ್ಲ.

ಪೂರ್ತಿ ಶುಲ್ಕ ತೆಗೆದುಕೊಳ್ಳುವುದು ಮೊದಲ ದಾರಿ. ನಿಮ್ಮ ಆದಾಯ ಪ್ರತಿ ತಿಂಗಳೂ ಒಂದೇ ಸಮನಾಗಿರುತ್ತದೆ, ಬಿಲ್ ಸರಳವಾಗಿರುತ್ತದೆ, ಅನೇಕ ನರ್ಸರಿಗಳೂ ಹೀಗೇ ಮಾಡುತ್ತವಾದ್ದರಿಂದ ಪೋಷಕರಿಗೂ ಇದು ಹೊಸದಲ್ಲ. ಆದರೆ ಸೋಮವಾರದ ಮಗುವಿನ ಲೆಕ್ಕ ನೋಡಿ: 2026ರಲ್ಲಿ 52 ಸೋಮವಾರಗಳಿಗೆ 3,120 ಪೌಂಡ್ ಕಟ್ಟಿ ಆ ಮಗು ಬರುವುದು 47 ದಿನ. ನಿಜವಾಗಿ ದಿನವೊಂದಕ್ಕೆ ಬೀಳುವುದು 66 ಪೌಂಡಿಗೂ ಹೆಚ್ಚು. ಮಂಗಳವಾರದ ಮಗು ಅಷ್ಟೇ ಹಣಕ್ಕೆ 52 ದಿನವೂ ಬರುತ್ತದೆ. ಎಲ್ಲರೂ ಪೂರ್ಣಾವಧಿಯವರಾದರೆ ಈ ದಾರಿಯಲ್ಲಿ ಅನ್ಯಾಯವಿಲ್ಲ. ಬಿಡಿ ದಿನದವರಿದ್ದರೆ ಅದು ಸೋಮವಾರದವರ ಜೇಬಿಗೇ ಕೈ ಹಾಕಿದಂತೆ.

ಅರ್ಧ ಶುಲ್ಕ ಎರಡನೆಯ ದಾರಿ. "ನೀವು ಬರುವುದಿಲ್ಲ, ನಾನೂ ತೆರೆಯುವುದಿಲ್ಲ, ಆದರೆ ಮಗುವಿನ ಜಾಗವನ್ನು ಇನ್ನಾರಿಗೂ ಕೊಡದೆ ಹಿಡಿದಿಟ್ಟಿದ್ದೇನೆ" ಎಂಬ ವಾದ ಇದಕ್ಕೆ ಆಧಾರ. ಮೂರು ಪೂರ್ಣಾವಧಿ ಮಕ್ಕಳಿದ್ದರೆ ಇದರಿಂದ 720 ಪೌಂಡ್ ಬರುತ್ತದೆ, ಉಳಿದ 720 ನಿಮ್ಮ ಹೊರೆ. ಎರಡೂ ಕಡೆಯವರು ಸ್ವಲ್ಪ ಸ್ವಲ್ಪ ಹೊರುತ್ತೇವೆ ಎಂಬ ಸಮಾಧಾನ ಇದರಲ್ಲಿದೆ, ಮಾತುಕತೆ ಬಿಗಿಯಾದಾಗ ಇದು ಒಳ್ಳೆಯ ನಿಲುಗಡೆ. ಆದರೂ ಸೋಮವಾರದ ಅಸಮಾನತೆಯನ್ನು ಇದು ಅರ್ಧಕ್ಕಿಳಿಸುತ್ತದೆಯೇ ಹೊರತು ತೆಗೆದುಹಾಕುವುದಿಲ್ಲ.

ಮೂರನೆಯದು ಮುಚ್ಚಿದ ದಿನಕ್ಕೆ ಏನೂ ತೆಗೆದುಕೊಳ್ಳದೆ, ಆ ಕೊರತೆಯನ್ನು ಗಂಟೆಯ ದರದಲ್ಲೇ ಸೇರಿಸಿಬಿಡುವುದು. 2026ರಲ್ಲಿ ಸೋಮವಾರದಿಂದ ಶುಕ್ರವಾರದವರೆಗಿನ ದಿನಗಳು 261. ಎಂಟನ್ನು ಕಳೆದರೆ 253. 60 ಪೌಂಡಿನಂತೆ 261 ದಿನಕ್ಕೆ ಬರಬೇಕಾದ 15,660 ಪೌಂಡನ್ನು 253ರಿಂದ ಭಾಗಿಸಿದರೆ ದಿನಕ್ಕೆ ಸುಮಾರು 61 ಪೌಂಡ್ 90 ಪೆನ್ಸ್, ಅಂದರೆ ಗಂಟೆಗೆ 6 ಪೌಂಡ್ 19 ಪೆನ್ಸ್. ವರ್ಷದ ಎಂಟೂ ರಜೆಗಳ ಭಾರ ಗಂಟೆಗೆ ಕೇವಲ 19 ಪೆನ್ಸ್ ಎಂಬುದು ನನಗೆ ಮೊದಲ ಸಲ ಲೆಕ್ಕ ಹಾಕಿದಾಗ ಆಶ್ಚರ್ಯವನ್ನೇ ತಂದಿತು. ಈ ದರದಲ್ಲಿ ಸೋಮವಾರದ ಮಗು 47 ದಿನಕ್ಕೆ ವರ್ಷಕ್ಕೆ ಸುಮಾರು 2,909 ಪೌಂಡ್ ಕಟ್ಟುತ್ತದೆ, ಮಂಗಳವಾರದ ಮಗು 52 ದಿನಕ್ಕೆ ಸುಮಾರು 3,219. ಇಬ್ಬರೂ ಬಂದ ದಿನಕ್ಕೆ ಒಂದೇ ದರ. ವಾರದ ಐದೂ ದಿನಗಳ ಜಾಗ ತುಂಬಿದ್ದರೆ ನಿಮ್ಮ ವರ್ಷದ ಆದಾಯ ಮೊದಲಿನಷ್ಟೇ ಉಳಿಯುತ್ತದೆ.

ನಾನು ಇಂದು ಅನುಸರಿಸುವುದು ಈ ಮೂರನೆಯ ದಾರಿಯನ್ನು, ಬಿಡಿ ದಿನಗಳ ಮಕ್ಕಳಿರುವ ಯಾರಿಗೇ ಆದರೂ ಹೇಳುವುದೂ ಇದನ್ನೇ. ಇದಕ್ಕೂ ತೊಂದರೆಯಿಲ್ಲವೆಂದಲ್ಲ. ಹೊಸ ಪೋಷಕರು ನಾಲ್ಕು ಚೈಲ್ಡ್‌ಮೈಂಡರುಗಳಿಗೆ ಫೋನ್ ಮಾಡಿ "ಗಂಟೆಗೆ ಎಷ್ಟು?" ಎಂದು ಮಾತ್ರ ಕೇಳುತ್ತಾರೆ, ಆಗ ನಿಮ್ಮ ದರ ಪಕ್ಕದ ಬೀದಿಯವರ ದರಕ್ಕಿಂತ ಹೆಚ್ಚು ಕಾಣುತ್ತದೆ. ಅದಕ್ಕೆ ದರ ಹೇಳುವ ಉಸಿರಿನಲ್ಲೇ "ಬ್ಯಾಂಕ್ ಹಾಲಿಡೇ ದಿನಗಳಿಗೆ ನಾನು ಶುಲ್ಕ ತೆಗೆದುಕೊಳ್ಳುವುದಿಲ್ಲ" ಎಂಬುದನ್ನೂ ಹೇಳಬೇಕು. ಇನ್ನೊಂದು ತೊಂದರೆ ನಗದಿನದು: ಈಸ್ಟರ್ ಮತ್ತು ಮೇ ರಜೆಗಳು ಬರುವ ಎರಡು ತಿಂಗಳಲ್ಲಿ ಕೈಗೆ ಬರುವ ಹಣ ಕಡಿಮೆಯಾಗುತ್ತದೆ. ಇದಕ್ಕೆ ವರ್ಷದ ಮೊತ್ತವನ್ನು ಹನ್ನೆರಡರಿಂದ ಭಾಗಿಸಿ ಪ್ರತಿ ತಿಂಗಳೂ ಒಂದೇ ಬಿಲ್ ಕಳಿಸುವುದು ಪರಿಹಾರ. ಸೋಮವಾರದ ಮಗುವಿಗೆ ತಿಂಗಳಿಗೆ ಸುಮಾರು 242 ಪೌಂಡ್, ಮಂಗಳವಾರದ ಮಗುವಿಗೆ ಸುಮಾರು 268. ಹೀಗೆ ಸಮನಾಗಿಸಿದರೆ, ಮಗು ವರ್ಷದ ನಡುವೆ ಬಿಟ್ಟುಹೋದಾಗ ಅದುವರೆಗೆ ಬಂದ ದಿನಗಳಿಗೂ ಕಟ್ಟಿದ ಹಣಕ್ಕೂ ತಾಳೆ ನೋಡಿ ಕೊಡುವುದನ್ನು ಕೊಡುತ್ತೇವೆ, ಬರುವುದನ್ನು ತೆಗೆದುಕೊಳ್ಳುತ್ತೇವೆ ಎಂಬ ಸಾಲು ಕರಾರಿನಲ್ಲಿ ಇರಲೇಬೇಕು. ಅದಿಲ್ಲದಿದ್ದರೆ ಜೂನ್ ತಿಂಗಳಲ್ಲಿ ಬಿಟ್ಟುಹೋಗುವವರ ಜೊತೆ ಮನಸ್ತಾಪ ಖಂಡಿತ.

ರಜೆಯ ಬದಲು ಬೇರೆ ದಿನ ಕೊಡುವ ಪದ್ಧತಿಯೂ ಕೆಲವರಲ್ಲಿದೆ. ಆ ವಾರ ಬೇರೆ ದಿನದಲ್ಲಿ ನಿಮ್ಮಲ್ಲಿ ಜಾಗವಿದ್ದರೆ ಮಾತ್ರ ಇದು ಸಾಧ್ಯ, ಮಕ್ಕಳ ಸಂಖ್ಯೆಯ ಮಿತಿಯನ್ನು ಮೀರುವಂತಿಲ್ಲ. ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಇಲ್ಲವೆಂದರೆ ಮತ್ತೆ ಅದೇ ತಕರಾರು.

ಆ ದಿನ ಬಾಗಿಲು ತೆರೆಯುವುದಾದರೆ

ಪೋಷಕರೆಲ್ಲರಿಗೂ ಬ್ಯಾಂಕ್ ಹಾಲಿಡೇ ರಜೆಯಿರುವುದಿಲ್ಲ. ಆಸ್ಪತ್ರೆಯಲ್ಲಿ, ಆರೈಕೆ ಕೇಂದ್ರಗಳಲ್ಲಿ, ಅಂಗಡಿಗಳಲ್ಲಿ, ಬಸ್ಸು ರೈಲುಗಳಲ್ಲಿ ದುಡಿಯುವವರಿಗೆ ಆ ದಿನವೇ ಮಗುವನ್ನು ನೋಡಿಕೊಳ್ಳುವವರು ಬೇಕಾಗುತ್ತದೆ. ತೆರೆಯುವುದು ನಿಮ್ಮ ಇಚ್ಛೆ. ಬ್ಯಾಂಕ್ ಹಾಲಿಡೇ ದಿನ ಹೆಚ್ಚು ದರ ಕೊಡಬೇಕೆಂಬ ಕಾನೂನಿಲ್ಲ, ಹೆಚ್ಚು ಕೇಳಬಾರದೆಂಬ ಕಾನೂನೂ ಇಲ್ಲ. ನನ್ನ ಮಟ್ಟಿಗೆ ಒಂದೂವರೆ ಪಟ್ಟು ಕೇಳುವುದು ನ್ಯಾಯ, ಏಕೆಂದರೆ ಆ ದಿನ ಸಾಮಾನ್ಯವಾಗಿ ಬರುವುದು ಒಂದೋ ಎರಡೋ ಮಗು, ಮನೆ ಬೆಚ್ಚಗಿಡುವುದರಿಂದ ಹಿಡಿದು ಊಟದವರೆಗಿನ ಖರ್ಚು ಮಾತ್ರ ಮಾಮೂಲಿನಂತೆಯೇ ಇರುತ್ತದೆ. ಈ ಹೆಚ್ಚುವರಿ ದರವೂ ಕರಾರಿನಲ್ಲಿ ಮೊದಲೇ ಇರಲಿ. ನಿಮ್ಮನ್ನು ಬಿಟ್ಟರೆ ಗತಿಯಿಲ್ಲದ ಒಬ್ಬ ನರ್ಸಿಗೆ ಹಿಂದಿನ ಸಂಜೆ ದರ ಹೇಳುವುದು ಸರಿಯಲ್ಲ.

ರಜೆಯ ದಿನ ತೆರೆಯುವವರು ಒಂದನ್ನು ಮರೆಯಬಾರದು. ಅಂದು ನಿಮ್ಮ ಮನೆಗೆ ನೆಂಟರು ಬಂದಿರಬಹುದು, ಉಳಿದುಕೊಂಡಿರಬಹುದು. ಹಿನ್ನೆಲೆಯ ತಪಾಸಣೆಯಾಗದ ಯಾರನ್ನೂ ನೀವು ನೋಡಿಕೊಳ್ಳುವ ಮಕ್ಕಳ ಜೊತೆ ಒಂಟಿಯಾಗಿ ಬಿಡುವಂತಿಲ್ಲ, ಅದು ನಿಮ್ಮ ಸ್ವಂತ ಚಿಕ್ಕಮ್ಮನೇ ಆಗಿರಲಿ. ಎಂಟು ವರ್ಷದೊಳಗಿನ ಆರು ಮಕ್ಕಳು, ಅವರಲ್ಲಿ ಶಾಲೆಗೆ ಹೋಗುವ ವಯಸ್ಸಾಗದ ಪುಟ್ಟ ಮಕ್ಕಳು ಸಾಮಾನ್ಯವಾಗಿ ಮೂವರು, ಒಂದು ವರ್ಷದೊಳಗಿನದು ಒಂದು ಎಂಬ ಮಿತಿಯಲ್ಲಿ ನಿಮ್ಮ ಸ್ವಂತ ಮಕ್ಕಳೂ ಸೇರುತ್ತಾರೆ. ಶಾಲೆಗೆ ರಜೆಯಿದ್ದು ನಿಮ್ಮ ಮಕ್ಕಳು ಇಡೀ ದಿನ ಮನೆಯಲ್ಲಿರುವ ದಿನ ಈ ಎಣಿಕೆ ಬದಲಾಗುತ್ತದೆ.

ಸರಕಾರ ಹಣ ಕೊಡುವ ಗಂಟೆಗಳು

ಇಂಗ್ಲೆಂಡಿನಲ್ಲಿ 2025ರ ಸೆಪ್ಟೆಂಬರಿನಿಂದ ದುಡಿಯುವ ಅರ್ಹ ಪೋಷಕರ ಮಕ್ಕಳಿಗೆ ಒಂಬತ್ತು ತಿಂಗಳ ವಯಸ್ಸಿನಿಂದಲೇ ವಾರಕ್ಕೆ 30 ಗಂಟೆ, ವರ್ಷಕ್ಕೆ 38 ವಾರ, ಅಂದರೆ 1,140 ಗಂಟೆಗಳ ಆರೈಕೆಗೆ ಸರಕಾರ ಹಣ ಕೊಡುತ್ತದೆ. ಈ ಗಂಟೆಗಳು ಪೋಷಕರಿಗೆ ಉಚಿತವಾಗಿಯೇ ಸಿಗಬೇಕು. ಆದ್ದರಿಂದ ಅಂಥ ಗಂಟೆ ಬ್ಯಾಂಕ್ ಹಾಲಿಡೇ ದಿನ ಬಿದ್ದಿತು, ನೀವು ಮುಚ್ಚಿದಿರಿ ಎಂಬ ಕಾರಣಕ್ಕೆ ಪೋಷಕರಿಗೆ ಬಿಲ್ ಕಳಿಸಬಾರದು. ಇಲ್ಲಿ ನಿಮ್ಮ ಖಾಸಗಿ ಕರಾರಿನ ಜೊತೆಗೆ ನಿಮ್ಮ ಕೌನ್ಸಿಲ್ (ಸ್ಥಳೀಯ ಆಡಳಿತ) ಜೊತೆಗಿನ ಒಪ್ಪಂದವೂ ಲೆಕ್ಕಕ್ಕೆ ಬರುತ್ತದೆ, ಅದನ್ನು ಒಮ್ಮೆ ಪೂರ್ತಿ ಓದಿ, ರಜೆಯ ದಿನದ ಗಂಟೆಗಳನ್ನು ಹೇಗೆ ತೋರಿಸಬೇಕೆಂದು ಅಲ್ಲಿನ ತಂಡಕ್ಕೆ ಬರೆದು ಕೇಳಿ. ಬರೆದು ಕೇಳಿದರೆ ಉತ್ತರವೂ ಬರಹದಲ್ಲಿ ಬರುತ್ತದೆ.

ಶಾಲಾ ಅವಧಿಯ 38 ವಾರಗಳಿಗೆ ಮಾತ್ರ ಈ ಗಂಟೆಗಳನ್ನು ಕೊಡುವವರಿಗೆ ತೊಂದರೆ ಮೇಲ್ನೋಟಕ್ಕೆ ಕಾಣುವಷ್ಟು ದೊಡ್ಡದಲ್ಲ. ಈಸ್ಟರ್ ಸೋಮವಾರ, ಮೇ ಕೊನೆಯ ಸೋಮವಾರ, ಆಗಸ್ಟಿನದು, ಕ್ರಿಸ್ಮಸ್ಸಿನವು ಸಾಮಾನ್ಯವಾಗಿ ಶಾಲೆಯ ರಜೆಯೊಳಗೇ ಬೀಳುತ್ತವೆ, ಶಾಲಾ ಅವಧಿಯ ನಡುವೆ ಬರುವುದು ಮುಖ್ಯವಾಗಿ ಮೇ ಮೊದಲ ಸೋಮವಾರ. ಗಂಟೆಗಳನ್ನು ಇಡೀ ವರ್ಷಕ್ಕೆ ಹಂಚುವವರು ಮಾತ್ರ ಎಂಟೂ ದಿನಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಆ ದಿನಗಳನ್ನು ಬಿಟ್ಟು ಉಳಿದ ದಿನಗಳಿಗೇ ಗಂಟೆಗಳನ್ನು ಮೊದಲೇ ಹಂಚಿಬಿಟ್ಟರೆ ಮಗುವಿಗೂ ಗಂಟೆ ನಷ್ಟವಾಗುವುದಿಲ್ಲ. ಸರಕಾರದ ಗಂಟೆ, ಪೋಷಕರು ಕೊಡುವ ಹೆಚ್ಚುವರಿ ಗಂಟೆ, ಬ್ಯಾಂಕ್ ಹಾಲಿಡೇ ಇವು ಬಿಲ್ಲಿನಲ್ಲಿ ಬೇರೆ ಬೇರೆ ಸಾಲುಗಳಾಗಿ ಇರಲಿ. ಟ್ಯಾಕ್ಸ್-ಫ್ರೀ ಚೈಲ್ಡ್‌ಕೇರ್ ಎಂಬ ಸರಕಾರಿ ನೆರವಿನ ಖಾತೆಯಿಂದ ಕಟ್ಟುವವರಿಗೂ ಯೂನಿವರ್ಸಲ್ ಕ್ರೆಡಿಟ್ ಎಂಬ ಸರಕಾರಿ ಸಹಾಯಧನ ಪಡೆಯುವವರಿಗೂ ಸ್ಪಷ್ಟವಾದ ಬಿಲ್ ಬೇಕೇ ಬೇಕು. ನಿಮ್ಮ ಕಡೆಯಿಂದ, ಮುಚ್ಚಿದ ದಿನಕ್ಕೆ ಪಡೆದ ಶುಲ್ಕವೂ ಆದಾಯವೇ, ಅದು ನಿಮ್ಮ ತೆರಿಗೆ ಲೆಕ್ಕದ ಪುಸ್ತಕದಲ್ಲಿ ಇರಬೇಕು.

ಇದ್ದಕ್ಕಿದ್ದಂತೆ ಘೋಷಣೆಯಾಗುವ ರಜೆ

ಕ್ಯಾಲೆಂಡರಿನಲ್ಲಿಲ್ಲದ ರಜೆಗಳು ಬರುತ್ತವೆ, ಇದ್ದ ರಜೆಗಳು ಜಾಗ ಬದಲಿಸುತ್ತವೆ. 2020ರಲ್ಲಿ ಮೇ ಮೊದಲ ಸೋಮವಾರದ ರಜೆ ಮೇ 8ರ ಶುಕ್ರವಾರಕ್ಕೆ ಹೋಯಿತು. 2022ರಲ್ಲಿ ಮೇ ಕೊನೆಯ ಸೋಮವಾರದ ರಜೆ ಜೂನ್ 2ರ ಗುರುವಾರಕ್ಕೆ ಸರಿದು, ರಾಣಿಯ ಪ್ಲಾಟಿನಂ ಜುಬಿಲಿಗೆಂದು ಜೂನ್ 3 ಹೆಚ್ಚುವರಿಯಾಗಿ ಸೇರಿತು. 2023ರ ಮೇ 8 ರಾಜನ ಪಟ್ಟಾಭಿಷೇಕದ ರಜೆ. ಇವೆಲ್ಲ ತಿಂಗಳುಗಳ ಮೊದಲೇ ಗೊತ್ತಿದ್ದವು. ಆದರೆ ರಾಣಿ ಎರಡನೆಯ ಎಲಿಜಬೆತ್ 2022ರ ಸೆಪ್ಟೆಂಬರ್ 8ರಂದು ತೀರಿಕೊಂಡಾಗ, ಅಂತ್ಯಕ್ರಿಯೆಯ ದಿನವಾದ ಸೆಪ್ಟೆಂಬರ್ 19ರ ಸೋಮವಾರ ಬ್ಯಾಂಕ್ ಹಾಲಿಡೇ ಎಂದು ಪ್ರಕಟವಾದದ್ದು ಸೆಪ್ಟೆಂಬರ್ 10ರಂದು. ಒಂಬತ್ತು ದಿನದ ಮುನ್ಸೂಚನೆ.

ನನ್ನ ಕರಾರಿನಲ್ಲಿ ಎಂಟು ರಜೆಗಳ ಹೆಸರನ್ನು ಒಂದೊಂದಾಗಿ ಬರೆದಿದ್ದೆ. ಈ ಹೊಸ ರಜೆ ಆ ಪಟ್ಟಿಯಲ್ಲಿ ಇರಲಿಲ್ಲ. ಆ ಭಾನುವಾರ ಸಂಜೆಯ ಹೊತ್ತಿಗೆ ನನ್ನ ಫೋನಿನಲ್ಲಿ ಮೂರು ಮನೆಗಳಿಂದ ಮೂರು ಬಗೆಯ ಸಂದೇಶಗಳಿದ್ದವು. ಒಬ್ಬರಿಗೆ ಆಫೀಸು ಮುಚ್ಚಿದ್ದರಿಂದ ಮಗುವನ್ನು ಕಳಿಸುವುದಿಲ್ಲ, ಹಾಗಾಗಿ ಹಣವನ್ನೂ ಕೊಡುವುದಿಲ್ಲ ಎಂಬ ಮಾತು. ಆಸ್ಪತ್ರೆಯಲ್ಲಿ ಕೆಲಸ ಮಾಡುವ ಇನ್ನೊಬ್ಬರಿಗೆ ಅಂದು ನಾನು ತೆರೆದಿರಲೇಬೇಕು ಎಂಬ ಬೇಡಿಕೆ. ಮೂರನೆಯವರು ನೀವು ಹೇಗೆ ಹೇಳಿದರೆ ಹಾಗೆ ಎಂದಿದ್ದರು, ಅದೇ ನನಗೆ ಹೆಚ್ಚು ಕಷ್ಟವಾದದ್ದು, ಏಕೆಂದರೆ ಹೇಗೆ ಹೇಳಬೇಕೆಂದು ನನಗೇ ಗೊತ್ತಿರಲಿಲ್ಲ. ಕೊನೆಗೆ ತೆರೆದೆ, ಬಂದವರಿಂದ ಮಾಮೂಲು ದರ ತೆಗೆದುಕೊಂಡೆ, ಬಾರದವರಿಂದ ಏನನ್ನೂ ತೆಗೆದುಕೊಳ್ಳಲಿಲ್ಲ. ಅಂದಿನಿಂದ ನನ್ನ ಕರಾರಿನಲ್ಲಿ ರಜೆಗಳ ಹೆಸರಿಲ್ಲ. "ಇಂಗ್ಲೆಂಡ್ ಮತ್ತು ವೇಲ್ಸಿಗೆಂದು ಸರಕಾರ ಪ್ರಕಟಿಸುವ ಬ್ಯಾಂಕ್ ಹಾಲಿಡೇಗಳು, ಬದಲಿ ದಿನಗಳೂ ಹೊಸದಾಗಿ ಘೋಷಣೆಯಾಗುವ ದಿನಗಳೂ ಸೇರಿ" ಎಂದಿದೆ.

ನಮ್ಮದೇ ರಜೆಗಳ ಬಗ್ಗೆಯೂ ಒಂದು ಮಾತು. ದೀಪಾವಳಿಗೋ ಯುಗಾದಿಗೋ ನಾನು ಮುಚ್ಚುತ್ತೇನೆ, ಅದಕ್ಕೆ ಶುಲ್ಕ ತೆಗೆದುಕೊಳ್ಳುವುದಿಲ್ಲ. ಆ ದಿನ ಮುಚ್ಚುವುದು ನನ್ನ ಆಯ್ಕೆ, ಪೋಷಕರಿಗೆ ಅಂದು ಕೆಲಸವಿರುತ್ತದೆ, ಮಗುವಿಗೆ ಬೇರೆ ವ್ಯವಸ್ಥೆ ಮಾಡಲು ಅವರು ಹಣ ತೆರಬೇಕಾಗುತ್ತದೆ. ನಾನು ತೆರೆದಿದ್ದು ಮಗು ಬಾರದ ದಿನಕ್ಕೆ ಪೂರ್ತಿ ಶುಲ್ಕ, ನಾನು ಬೇಕೆಂದು ಮುಚ್ಚಿದ ದಿನಕ್ಕೆ ಶೂನ್ಯ, ಈ ಎರಡರ ಬಗ್ಗೆ ನನಗೆ ಸಂದೇಹವಿಲ್ಲ. ಬ್ಯಾಂಕ್ ಹಾಲಿಡೇ ಇವೆರಡರ ನಡುವೆ ಬೀಳುವುದರಿಂದಲೇ ಇಷ್ಟೆಲ್ಲ ಯೋಚನೆ.

ಈಗಿರುವ ಪೋಷಕರಿಗೆ ಹೇಳುವುದು, ಬರೆಯುವುದು

ಹೊಸಬರಿಗೆ ಹೇಳುವುದು ಸುಲಭ. ಮೊದಲ ಭೇಟಿಯಲ್ಲಿ, ಮಗು ನಿಮ್ಮ ಮನೆಯ ಆಟಿಕೆಗಳ ಪರಿಚಯ ಮಾಡಿಕೊಳ್ಳುತ್ತಿರುವಾಗಲೇ, ದರದ ಜೊತೆಗೆ ಹೇಳಿಬಿಡಿ. ಈಗಾಗಲೇ ಬರುತ್ತಿರುವವರ ವಿಷಯದಲ್ಲಿ ಪದ್ಧತಿ ಬದಲಿಸುವಾಗ ಕರಾರಿನಲ್ಲಿರುವ ಮುನ್ಸೂಚನೆಯ ಅವಧಿಯನ್ನು ಪಾಲಿಸಿ; ಅದು ನಾಲ್ಕು ವಾರ ಎಂದಿದ್ದರೂ ಎಂಟು ವಾರ ಕೊಟ್ಟರೆ ಒಳ್ಳೆಯದು. ಏಪ್ರಿಲ್‌ನಲ್ಲಿ ಹೇಳಿ ಮೇ ತಿಂಗಳಲ್ಲಿ ಜಾರಿಗೆ ತರಬೇಡಿ, ರಜೆಗಳು ಕಡಿಮೆಯಿರುವ ಸೆಪ್ಟೆಂಬರ್ ಇದಕ್ಕೆ ತಕ್ಕ ಕಾಲ. ನಮ್ಮವರೇ ಆದ ಪೋಷಕರೊಂದಿಗೆ ದುಡ್ಡಿನ ಮಾತೆತ್ತಲು ಸಂಕೋಚವಾಗುತ್ತದೆ, ಅಕ್ಕ ಎಂದು ಕರೆದವರ ಹತ್ತಿರ ಲೆಕ್ಕ ಹೇಳುವುದು ಹೇಗೆ ಎನಿಸುತ್ತದೆ. ಅವರಿಗೂ ಅದೇ ಸಂಕೋಚ ಇರುತ್ತದೆ. ಆದ್ದರಿಂದ ಬಾಗಿಲಲ್ಲಿ, ಮಗುವಿನ ಎದುರಿಗೆ ಮಾತಾಡದೆ, ಸಂಜೆ ಎಂಟರ ನಂತರ ಫೋನ್ ಮಾಡಿ, ಆಮೇಲೆ ಬರಹದಲ್ಲಿ ಕಳಿಸಿ. ನಾನು ಕಳಿಸಿದ ಸಂದೇಶ ಹೆಚ್ಚುಕಡಿಮೆ ಹೀಗಿತ್ತು:

"ಸೆಪ್ಟೆಂಬರಿನಿಂದ ಬ್ಯಾಂಕ್ ಹಾಲಿಡೇ ದಿನಗಳಿಗೆ ಶುಲ್ಕ ಇರುವುದಿಲ್ಲ, ಅದರ ಬದಲು ಗಂಟೆಯ ದರ 19 ಪೆನ್ಸ್ ಹೆಚ್ಚುತ್ತದೆ. ನಿಮ್ಮ ಮಗುವಿನ ದಿನಗಳಿಗೆ ವರ್ಷಕ್ಕೆ ಈಗ ಎಷ್ಟಾಗುತ್ತದೆ, ಮುಂದೆ ಎಷ್ಟಾಗುತ್ತದೆ ಎಂಬುದನ್ನು ಕೆಳಗೆ ಬರೆದಿದ್ದೇನೆ. ಒಪ್ಪಿಗೆಯಿಲ್ಲದಿದ್ದರೆ ಸಂಕೋಚವಿಲ್ಲದೆ ಹೇಳಿ, ಕೂತು ಮಾತಾಡೋಣ."

ಎರಡನೆಯ ವಾಕ್ಯವೇ ಇದರಲ್ಲಿ ಮುಖ್ಯ. ದರ ಹೆಚ್ಚಿದೆ ಎಂದಷ್ಟೇ ಓದಿದವರು ಮುಖ ಗಂಟಿಕ್ಕುತ್ತಾರೆ, ತಮ್ಮ ಮಗುವಿನ ಎರಡು ಮೊತ್ತಗಳನ್ನು ಅಕ್ಕಪಕ್ಕ ನೋಡಿದವರು ಯೋಚಿಸುತ್ತಾರೆ. ಸೋಮವಾರದವರಿಗೆ ಮೊತ್ತ ಇಳಿಯುತ್ತದೆ, ಮಂಗಳವಾರ ಬುಧವಾರದವರಿಗೆ ವರ್ಷಕ್ಕೆ ನೂರು ಪೌಂಡಿನಷ್ಟು ಏರುತ್ತದೆ, ಏರುವವರಿಗೆ ಕಾರಣವನ್ನು ನೇರವಾಗಿ ವಿವರಿಸುವುದು ನಿಮ್ಮ ಹೊಣೆ.

ಕರಾರು ಪತ್ರದ ಸಾಲು ಚಿಕ್ಕದಾಗಿರಲಿ, ಆದರೆ ನಾಲ್ಕು ಪ್ರಶ್ನೆಗಳಿಗೆ ಉತ್ತರ ಅದರಲ್ಲಿರಲಿ: ಯಾವ ದಿನಗಳು, ಆ ದಿನ ತೆರೆದಿರುತ್ತೀರಾ ಮುಚ್ಚಿರುತ್ತೀರಾ, ಮುಚ್ಚಿದರೆ ಶುಲ್ಕವೆಷ್ಟು, ತೆರೆದರೆ ಶುಲ್ಕವೆಷ್ಟು. ಇಂಗ್ಲಿಷಿನಲ್ಲಿ ಬರೆಯುವಾಗ ಅದರ ತಿರುಳು ಹೀಗಿರಬಹುದು: "ಇಂಗ್ಲೆಂಡ್ ಮತ್ತು ವೇಲ್ಸಿಗೆಂದು ಸರಕಾರ ಪ್ರಕಟಿಸುವ ಎಲ್ಲ ಬ್ಯಾಂಕ್ ಹಾಲಿಡೇಗಳಂದು, ಬದಲಿ ಹಾಗೂ ಹೊಸದಾಗಿ ಘೋಷಿತ ದಿನಗಳೂ ಸೇರಿ, ಆರೈಕೆ ಲಭ್ಯವಿರುವುದಿಲ್ಲ, ಆ ದಿನಗಳಿಗೆ ಶುಲ್ಕವಿಲ್ಲ. ಎರಡು ವಾರ ಮೊದಲು ಕೇಳಿಕೊಂಡು, ನಾನು ಬರಹದಲ್ಲಿ ಒಪ್ಪಿದರೆ, ಆ ದಿನದ ಆರೈಕೆಗೆ ಮಾಮೂಲು ದರದ ಒಂದೂವರೆ ಪಟ್ಟು ಶುಲ್ಕ. ಎರಡು ವಾರಕ್ಕಿಂತ ಕಡಿಮೆ ಅವಧಿಯಲ್ಲಿ ಘೋಷಣೆಯಾದ ರಜೆಯಂದು ಮಾಮೂಲಿನಂತೆ ತೆರೆದಿರುತ್ತೇನೆ, ಬಂದವರಿಗೆ ಮಾತ್ರ ಮಾಮೂಲು ದರ." ಪೂರ್ತಿ ಅಥವಾ ಅರ್ಧ ಶುಲ್ಕದ ದಾರಿ ಹಿಡಿಯುವವರು ಮೊದಲ ವಾಕ್ಯದ ಕೊನೆಯನ್ನು ಬದಲಿಸಿಕೊಂಡರೆ ಸಾಕು.

ಪ್ರತಿ ವರ್ಷ ಡಿಸೆಂಬರಿನ ಮೊದಲ ವಾರ ಮುಂದಿನ ವರ್ಷದ ದಿನಾಂಕಗಳನ್ನು ವಾರದ ಹೆಸರಿನ ಸಮೇತ ಒಂದು ಹಾಳೆಯಲ್ಲಿ ಬರೆದು ಎಲ್ಲ ಮನೆಗಳಿಗೂ ಕಳಿಸಿ, ಒಂದು ಪ್ರತಿಯನ್ನು ಮಕ್ಕಳು ಕೋಟು ತೂಗುಹಾಕುವ ಗೂಟದ ಪಕ್ಕ ಅಂಟಿಸಿ. ಆ ಸಾಲಿನ ಕೆಳಗೆ ಪೋಷಕರ ಸಹಿ, ನಿಮ್ಮ ಸಹಿ, ದಿನಾಂಕ ಮೂರೂ ಇರಲಿ. ದರ ಬದಲಾದ ವರ್ಷ ಹಳೆಯ ಪತ್ರದ ಮೇಲೆ ತಿದ್ದದೆ ಹೊಸ ಹಾಳೆಗೆ ಹೊಸ ಸಹಿ ಪಡೆಯಿರಿ, ಹಳೆಯದನ್ನು ಅದೇ ಕಡತದಲ್ಲಿ ಹಿಂದೆ ಇಟ್ಟುಕೊಳ್ಳಿ.